ಸರಾಯೆವೊ ಗಡಿಯಾರ ಕೆಟ್ಟಿಲ್ಲ, ಅದರ ಲೆಕ್ಕವೇ ಬೇರೆ

ಬೋಸ್ನಿಯಾದ ಸರಾಯೆವೊದಲ್ಲಿರುವ ಗಡಿಯಾರ ಗೋಪುರ ತಪ್ಪು ಟೈಮ್ ತೋರಿಸುತ್ತಿತ್ತು, ಕೆಟ್ಟಿದೆಯಾ, ಗೋಪುರ ಹಳೆಯದೇನಾ ಅಂತ ಕೇಳಿದ್ದೀರಲ್ಲ. ಕೆಟ್ಟಿಲ್ಲ! ಅದು ಹಳೇ ಒಟ್ಟೋಮನ್ ಲೆಕ್ಕ: ಸೂರ್ಯ ಮುಳುಗುವ ಹೊತ್ತಿಗೆ ಸರಿಯಾಗಿ 12 ಗಂಟೆ, ಅಲ್ಲಿಂದ ಹೊಸ ದಿನ ಶುರು. ಪಕ್ಕದ ಗಾಜಿ ಹುಸ್ರೆವ್ ಬೇಗ್ ಮಸೀದಿಯ ನಮಾಜಿಗೆ ಇದು ಅನುಕೂಲ. ನಮ್ಮ ಪಂಚಾಂಗದವರು ಸೂರ್ಯೋದಯದಿಂದ ಘಳಿಗೆ ಎಣಿಸುವ ಹಾಗೇ, ಅಲ್ವಾ? ಆದರೆ ಸೂರ್ಯಾಸ್ತ ದಿನಾ ಸ್ವಲ್ಪ ಸ್ವಲ್ಪ ಜರುಗುವುದರಿಂದ ಆಗಾಗ ಒಬ್ಬರು ಮೇಲೆ ಹತ್ತಿ ಮುಳ್ಳು ಸರಿ ಮಾಡಲೇಬೇಕು.

ಗೋಪುರ ಹಳೆಯದೇ, ಆದರೆ ಪೂರ್ತಿ ಅಲ್ಲ. 1697ರಲ್ಲಿ ಆಸ್ಟ್ರಿಯಾದ ಸೇನಾಪತಿ, ಸವಾಯ್‌ನ ರಾಜಕುಮಾರ ಯುಜೀನ್‌ನ ಸೈನ್ಯ ಊರಿಗೇ ಬೆಂಕಿ ಇಟ್ಟಾಗ ಇದೂ ಸುಟ್ಟಿತು, ಆಮೇಲೆ ರಿಪೇರಿ ಮಾಡಿದರು. 1870ರ ದಶಕದಲ್ಲಿ ಎತ್ತರಿಸಿ, ಈಗಿನ ಯಂತ್ರ ಕೂರಿಸಿದರು. ತಮಾಷೆ ಅಂದ್ರೆ ಆ ಯಂತ್ರ ಲಂಡನ್ನಿನ ಗಿಲೆಟ್ ಅಂಡ್ ಬ್ಲಾಂಡ್ ಕಂಪನಿಯದು.