ಕಾರವಾರದಲ್ಲಿ ಚೈನ್ ಬೇಗ ಸವೆಯುವುದು ಏಕೆ?

ವಾರವಾರ ಎಣ್ಣೆ ಬಿಟ್ಟರೂ ಸೈಕಲ್ ಚೈನ್ ಆರೇ ತಿಂಗಳಿಗೆ ಸವೆಯಿತು ಅಂತ ಕೇಳಿದ್ದೀರಿ. ತೊಂದರೆ ಆ ಎಣ್ಣೆಯಲ್ಲೇ ಇದೆ. ಹಳೆಯದನ್ನು ಒರೆಸದೆ ಸುಮ್ನೆ ಮೇಲೆ ಮೇಲೆ ಬಿಟ್ಟರೆ ಟ್ಯಾಗೋರ್ ಬೀಚಿನ ಮರಳು ಅದಕ್ಕೆ ಅಂಟುತ್ತದೆ. ಕೊಂಡಿಗಳ ಒಳಗೆ ಸೇರಿ ಪಿನ್ನುಗಳನ್ನು ಅರದ ಹಾಗೆ ಉಜ್ಜುತ್ತದೆ. ಉಪ್ಪುಗಾಳಿಗೆ ತುಕ್ಕು ಬೇರೆ. ಚೈನ್ ಉದ್ದವಾಗೋದು ಕಬ್ಬಿಣ ಹಿಗ್ಗಿ ಅಲ್ಲ, ಪಿನ್ನುಗಳು ಚೂರುಚೂರೇ ಸವೆದು.

ಸ್ಟೀಲ್ ಸ್ಕೇಲ್ ಹಿಡಿದು ನೋಡಿ. 24 ಕೊಂಡಿಗೆ ಪಿನ್ನಿನಿಂದ ಪಿನ್ನಿಗೆ 12 ಇಂಚು ಇರಬೇಕು. 1/16 ಇಂಚು ಜಾಸ್ತಿ ಬಂದರೆ ಚೈನ್ ಬದಲಿಸಿ. 1/8 ಆಗುವವರೆಗೆ ಬಿಟ್ಟರೆ ಫ್ರೀವೀಲ್ (ಹಿಂದಿನ ಚಕ್ರದ ಹಲ್ಲುಗಾಲಿ) ಹಲ್ಲುಗಳೂ ಹೋಗಿರುತ್ತವೆ, ಖರ್ಚು ಹೆಚ್ಚುತ್ತದೆ ಅಲ್ವಾ? ಬೀಚಿಗೆ ಹೋಗಿ ಬಂದ ದಿನ ಸಿಹಿನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ಆಮೇಲೆ ಪಿನ್ನಿನ ಸುತ್ತ ತಿರುಗುವ ಪ್ರತಿ ರೋಲರಿಗೆ ಒಂದೇ ಹನಿ ಎಣ್ಣೆ ಬಿಟ್ಟು, ಪೆಡಲ್ ತಿರುಗಿಸಿ, ಹೊರಗಿನ ಎಣ್ಣೆಯನ್ನೆಲ್ಲ ಬಟ್ಟೆಯಿಂದ ಒರೆಸಿಬಿಡಿ.