ನೀರಲ್ಲಿ ನಿಂತ ಕಾರು, ತಿರುಗಿಸಿದ ಕೀ

ಪ್ರಶ್ನೆ: ಮಳೆಗೆ ತೋಡು ಉಕ್ಕಿ ಅಂಗಳದ ಕಾರಿನ ಸೀಟಿನವರೆಗೆ ನೀರು ಬಂತು. ನೀರು ಇಳಿದ ಮೇಲೆ ಮಗ ಎರಡು ಮೂರು ಸಲ ಸ್ಟಾರ್ಟ್ ಮಾಡಿ ನೋಡಿದ, ಎಂಜಿನ್ ಹೋಯಿತು. ಫುಲ್ ಇನ್ಶೂರೆನ್ಸ್ ಇದೆ. ಆದರೂ ಎಂಜಿನಿಗೆ ಹಣ ಇಲ್ಲವಂತೆ. ಯಾಕೆ?
– ಓದುಗರು, ಬದಿಯಡ್ಕ

ಉತ್ತರ: ‘ಫುಲ್’ ಅನ್ನುವುದು ನಮ್ಮ ಬಾಯಿಮಾತು ಮಾರಾಯ್ರೆ, ಪಾಲಿಸಿಯಲ್ಲಿ ಆ ಶಬ್ದ ಇಲ್ಲ. ನೆರೆಯಿಂದ ಸೀಟು, ವಯರಿಂಗ್ ಹಾಳಾದರೆ ಕಾಂಪ್ರಹೆನ್ಸಿವ್ ಪಾಲಿಸಿಯಲ್ಲಿ (ನಮ್ಮ ಕಾರಿನ ನಷ್ಟಕ್ಕೂ ಕೊಡುವ ಪಾಲಿಸಿ) ಹಣ ಸಿಗುತ್ತದೆ, ಅದನ್ನು ಬಿಡಬೇಡಿ. ಎಂಜಿನಿನ ಕತೆ ಬೇರೆ. ಸಿಲಿಂಡರಿಗೆ ಹೊಕ್ಕ ನೀರು ಗಾಳಿಯಂತೆ ಕುಗ್ಗುವುದಿಲ್ಲ. ಕೀ ತಿರುಗಿಸಿದರೆ ಪಿಸ್ಟನ್ ಅದಕ್ಕೆ ಗುದ್ದಿ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಇದು ನೆರೆಯ ನಷ್ಟ ಅಲ್ಲ, ಸ್ಟಾರ್ಟ್ ಮಾಡಿದ್ದರಿಂದ ಆದದ್ದು ಎಂಬುದು ಕಂಪೆನಿಗಳ ವಾದ. ಅದಕ್ಕೆಂದೇ ‘ಎಂಜಿನ್ ಪ್ರೊಟೆಕ್ಟ್’ ಎಂಬ ಹೆಚ್ಚುವರಿ ಕವರ್ ಇದೆ. ನಿಮ್ಮ ಪಾಲಿಸಿಯಲ್ಲಿ ಆ ಸಾಲು ಉಂಟಾ ನೋಡಿ.

ನನಗೂ ಬುದ್ಧಿ ಬಂದದ್ದು ಪೆಟ್ಟು ತಿಂದೇ. ತೆಂಗಿನಕಾಯಿ ಬಿದ್ದು ಬಂಪರ್ ಒಡೆದಾಗ ಅರ್ಧ ದುಡ್ಡಷ್ಟೇ ಬಂತು. ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಶೇ. 50 ಸವಕಳಿ ಕಳೆಯುತ್ತಾರೆ. ಸವಕಳಿ ಕಳೆಯದ ‘ಜೀರೋ ಡೆಪ್’ ಎಂಬ ಹೆಚ್ಚುವರಿ ಕವರ್ ಇದ್ದರೆ ಮಾತ್ರ ಈ ಕಡಿತ ಇಲ್ಲ.

ನಿರಾಕರಣೆಯನ್ನು ಕಾರಣಸಹಿತ ಬರವಣಿಗೆಯಲ್ಲಿ ಕೇಳಿ, ನಷ್ಟ ಅಂದಾಜು ಮಾಡಿದ ಸರ್ವೇಯರ್ ವರದಿಯ ಪ್ರತಿಯನ್ನೂ. ಮೊದಲು ಕಂಪೆನಿಗೇ ದೂರು ಕೊಡಿ. ಒಂದು ತಿಂಗಳಲ್ಲಿ ಸರಿಯಾದ ಉತ್ತರ ಬಾರದಿದ್ದರೆ ಕೊಚ್ಚಿಯ ವಿಮಾ ಒಂಬುಡ್ಸ್‌ಮನ್‌ಗೆ (ವಿಮೆಯ ದೂರು ವಿಚಾರಿಸಿ ತೀರ್ಮಾನಿಸುವ ಅಧಿಕಾರಿ) ಬರೆಯಿರಿ. ಶುಲ್ಕವಿಲ್ಲ, ವಕೀಲರೂ ಬೇಡ. ಪಾಲಿಸಿ ಮಂಗಳೂರಿನಲ್ಲಿ ಮಾಡಿಸಿದ್ದರೂ ಮನೆ ವಿಳಾಸ ಕಾಸರಗೋಡಿನದ್ದಾದರೆ ಸಾಕು.