ಟ್ರೆಕ್ಕಿಂಗ್ ಬ್ಲಾಡರ್ ವಾಸನೆ ಬರ್ತಿದೆ, ಪೈಪಿನಲ್ಲಿ ಕಪ್ಪು ಚುಕ್ಕೆ ಇದೆ. ತೊಳೆಯೋಕೆ ಯಾವ ಮಾತ್ರೆ ಒಳ್ಳೆಯದು?

ಪೈಪಿನಲ್ಲಿ ಕಪ್ಪು ಚುಕ್ಕೆ ಅಂದಿರಲ್ಲ, ನನಗೆ ಕುಮಾರ ಪರ್ವತ ನೆನಪಾಯಿತು. ಮಾತ್ರೆ ವಿಷಯ ಆಮೇಲೆ.

ನಮ್ಮದು ಪುತ್ತೂರು. ಎರಡು ಲೀಟರಿನ ಹೊಸ ಬ್ಲಾಡರ್ (ಬೆನ್ನಿನ ಬ್ಯಾಗಿನೊಳಗಿಟ್ಟು ಪೈಪಿನಿಂದ ಹೀರುವ ನೀರಿನ ಚೀಲ) ಹಾಕಿಕೊಂಡು ಒಂದು ಜನವರಿಯಲ್ಲಿ ಸುಬ್ರಹ್ಮಣ್ಯದಿಂದ ಹತ್ತಿದೆವು. ಅಮ್ಮ ಬೆಲ್ಲ, ಲಿಂಬೆ, ಏಲಕ್ಕಿ, ಕಾಳುಮೆಣಸಿನ ಪಾನಕ ಮಾಡಿ ಕೊಟ್ಟಿದ್ದರು. ಅದನ್ನೇ ತುಂಬಿಸಿದ್ದೆ. 1712 ಮೀಟರ್ ಎತ್ತರದಲ್ಲಿ ಕೂತು ಪಾನಕ ಹೀರುವ ಸುಖವೇ ಬೇರೆ. ಮೆಣಸಿನ ತರಿ ಆಗಾಗ ಪೈಪಿನ ಬಾಯಿ ಕಟ್ಟುತ್ತಿತ್ತು, ಅಷ್ಟೇ.

ಮನೆಗೆ ಬಂದವನು ತೊಳೆಯದೆ ಬಿಟ್ಟೆ ಅಂದುಕೊಳ್ಳಬೇಡಿ. ಚೀಲವನ್ನು ಮೂರು ಸಲ ತೊಳೆದೆ. ಅಂಗಳದಲ್ಲಿ ತಲೆಕೆಳಗಾಗಿ ತೂಗುಹಾಕಿದೆ. ಒಳಗೆ ಒಂದು ಹನಿ ಇಲ್ಲದ ಹಾಗೆ ಒಣಗಿಸಿದೆ. ಆದರೆ ಪೈಪನ್ನು ಕಳಚಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪೈಪಿನ ತುದಿಯಲ್ಲಿ ನಾವು ಕಚ್ಚುವ ವಾಲ್ವ್ ಇರುತ್ತದೆ. ಕಚ್ಚಿದರೆ ಮಾತ್ರ ತೆರೆಯುತ್ತದೆ, ಬಿಟ್ಟರೆ ಮುಚ್ಚಿಕೊಳ್ಳುತ್ತದೆ. ಅಂದರೆ ಚೀಲ ಪೂರ್ತಿ ಖಾಲಿಯಾದರೂ ಪೈಪಿನೊಳಗಿನದು ಹೊರಗೆ ಬರುವುದಿಲ್ಲ. ಆರು ಮಿಲಿಮೀಟರ್ ತೂತು, ಒಂದು ಮೀಟರ್ ಉದ್ದ ಅಂತ ಲೆಕ್ಕ ಹಾಕಿ: ಸುಮಾರು 28 ಎಂ.ಎಲ್. ಎರಡು ದೊಡ್ಡ ಚಮಚ ಬೆಲ್ಲದ ನೀರು. ಗಾಳಿಯಾಡುವುದಿಲ್ಲ, ಆರುವುದಿಲ್ಲ. ಸಾಲದ್ದಕ್ಕೆ ನನ್ನ ಪೈಪಿಗೆ ಕಪ್ಪು ಬಟ್ಟೆಯ ಕವಚ ಬೇರೆ ಇತ್ತು, ಒಳಗೇನಾಗಿದೆ ಅಂತ ಕಾಣುವಂತಿರಲಿಲ್ಲ. ಇಷ್ಟನ್ನೂ ಸುತ್ತಿ ಅಟ್ಟದ ಮೇಲೆ ಇಟ್ಟೆ. ಆಮೇಲೆ ಮಳೆಗಾಲ ಬಂತು. ನಮ್ಮ ಕಡೆ ಮಳೆಗಾಲದಲ್ಲಿ ಚರ್ಮದ ಬೆಲ್ಟಿಗೇ ಬೂಷ್ಟು ಹಿಡಿಯುತ್ತದೆ. ಬೆಲ್ಲದ ನೀರನ್ನು ಬಿಡುತ್ತದಾ?

ಅಕ್ಟೋಬರಿನಲ್ಲಿ ಮತ್ತೆ ಅದೇ ಬೆಟ್ಟ. ಈ ಸಲ ಬರೀ ನೀರು. ಮೊದಲ ಗುಟುಕಿಗೆ ಏನೋ ಹಳಸಲು ವಾಸನೆ. ಪ್ಲಾಸ್ಟಿಕ್ ವಾಸನೆ ಇರಬೇಕು ಅಂತ ಕುಡಿದೆ. ದಾರಿಯಲ್ಲಿ ಸಿಗುವ ಭಟ್ಟರ ಮನೆ ದಾಟುವಾಗ ಹೊಟ್ಟೆ ಗುಡುಗುಡು. ಇನ್ನೂ ಮೇಲಿರುವ ಕಲ್ಲು ಮಂಟಪ ತಲುಪುವಷ್ಟರಲ್ಲಿ ಎರಡು ಸಲ ವಾಂತಿ. ಜೊತೆಗಿದ್ದವರು ಕುಮಾರ ಪರ್ವತಕ್ಕೂ ಮೊದಲು ಸಿಗುವ ಶೇಷ ಪರ್ವತದ ಕಡೆ ಹತ್ತಿದರು, ನಾನು ಒಬ್ಬ ಗೆಳೆಯನ ಹೆಗಲು ಹಿಡಿದು ಇಳಿದೆ. ಭಟ್ಟರ ಮನೆ ಜಗಲಿಯಲ್ಲಿ ಕೂತು ಕವಚ ಎಳೆದು ನೋಡಿದರೆ ಪೈಪಿನುದ್ದಕ್ಕೂ ಕಪ್ಪು ಲೋಳೆ. ಹಿಂದಿನ ರಾತ್ರಿ ತಿಂದ ಗೋಬಿ ಮಂಚೂರಿಯೂ ಕಾರಣ ಇರಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಆ ಪೈಪು ನೋಡಿದ ಮೇಲೆ ಗೋಬಿಯನ್ನು ಬೈಯಲು ಮನಸ್ಸಾಗಲಿಲ್ಲ.

ಹಾಗಾಗಿ ಯಾವ ಮಾತ್ರೆ ಅನ್ನುವ ಪ್ರಶ್ನೆಯೇ ನನಗೆ ಸರಿ ಅನ್ನಿಸುವುದಿಲ್ಲ. ಕಪ್ಪು ಹಿಡಿದ ಪೈಪನ್ನು ಎಸೆಯಿರಿ. ಪೈಪು, ವಾಲ್ವ್ ಬೇರೆಯಾಗಿ ಸಿಗುತ್ತವೆ. ಅದನ್ನು ಉಳಿಸಲು ಮಾತ್ರೆಗೆ ದುಡ್ಡು ಹಾಕುವುದು ದಂಡ. ಚೀಲ ಬರೀ ವಾಸನೆ ಬರುತ್ತಿದ್ದರೆ ಅಡುಗೆ ಸೋಡಾ ಸಾಕು. ಲೀಟರ್ ಬಿಸಿನೀರಿಗೆ ಎರಡು ಚಮಚ ಹಾಕಿ ಅರ್ಧ ಗಂಟೆ ಬಿಡಿ. ಕುದಿಯುವ ನೀರು ಬೇಡ, ಚೀಲದ ಅಂಟು ಬಿಡಬಹುದು. ವಾಲ್ವ್ ಒತ್ತಿ ಸೋಡಾ ನೀರು ಪೈಪಿಗೂ ಇಳಿಯುವಂತೆ ಮಾಡಿ, ಆಮೇಲೆ ಚೆನ್ನಾಗಿ ಜಾಲಿಸಿ. ಕೆಲವರು ಬ್ಲೀಚ್ ಹಾಕುತ್ತಾರೆ. ಹಾಕುವುದಾದರೆ ಅದರ ಜೊತೆ ವಿನೆಗರ್, ಲಿಂಬೆರಸ ಖಂಡಿತ ಸೇರಿಸಬೇಡಿ, ಕ್ಲೋರಿನ್ ಅನಿಲ ಬರುತ್ತದೆ.

ತೊಳೆದ ಮೇಲೆ ಪೈಪು ಕಳಚಿ, ವಾಲ್ವ್ ತೆಗೆದು, ಒಂದು ತುದಿ ಹಿಡಿದು ಕವಣೆ ಬೀಸಿದ ಹಾಗೆ ಗಿರಗಿರ ತಿರುಗಿಸಿ. ಒಳಗಿನ ನೀರು ಹಾರಿಹೋಗುತ್ತದೆ (ಅಂಗಳದಲ್ಲೇ ಮಾಡಿ, ನಾನು ಒಮ್ಮೆ ಟಿವಿ ಮೇಲೆ ಹಾರಿಸಿದ್ದೆ). ಚೀಲದ ಎರಡು ಬದಿ ಅಂಟಿಕೊಳ್ಳದಂತೆ ಒಳಗೆ ಮೊಸರು ಕಡೆಯುವ ಪುಟ್ಟ ಕಡಗೋಲು ತೂರಿಸಿ ಒಣಗಿಸಿ.

ಪಾನಕ, ಓ.ಆರ್.ಎಸ್., ಗ್ಲೂಕೋಸ್ ಇನ್ನು ಮುಂದೆ ಬೇರೆ ಬಾಟಲಿಯಲ್ಲಿ ಒಯ್ಯಿರಿ. ಬ್ಲಾಡರಿಗೆ ನೀರು ಮಾತ್ರ. ಸುಮ್ನೆ ಹೇಳುತ್ತಿಲ್ಲ, ವರ್ಷಕ್ಕೆ ಒಂದೇ ಟ್ರೆಕ್ ಮಾಡುವವರಾದರೆ ಬ್ಲಾಡರ್ ಯಾರಿಗಾದರೂ ಕೊಟ್ಟು ಎರಡು ಸ್ಟೀಲ್ ಬಾಟಲಿ ಹಿಡಿದುಕೊಂಡು ಹೋಗಿ. ಕೈ ಹಾಕಿ ಉಜ್ಜಬಹುದು, ಅಲ್ವಾ?

ನಾನು ತಿಂಗಳಿಗೊಮ್ಮೆ ಹೋಗುವವನು, ಬಿಡಲಾಗಲಿಲ್ಲ. ಈಗ ಒಣಗಿಸಿದ ಮೇಲೆ ಚೀಲ, ಪೈಪು ಎರಡನ್ನೂ ಮಡಚಿ ಫ್ರೀಜರಿನಲ್ಲಿ ಇಡುತ್ತೇನೆ. ಆ ಚಳಿಗೆ ಬೂಷ್ಟು ಬೆಳೆಯುವುದಿಲ್ಲ. ತುರಿದ ತೆಂಗಿನಕಾಯಿ ಡಬ್ಬದ ಪಕ್ಕದಲ್ಲಿ ಅದನ್ನು ನೋಡಿದ ಅತ್ತೆ, ಮನೆಯಲ್ಲಿ ಯಾರಿಗೆ ಗ್ಲೂಕೋಸ್ ಏರಿಸಿದ್ದು ಅಂತ ಗಾಬರಿಯಾಗಿದ್ದರು.